ಪಾಯಿಂಟ್ ಸೊನ್ನೆ ಒಂದರ ಮಿಸ್ತ್ರಿ

ಗಂಗಾವತಿಯಿಂದ ಕಾರಟಗಿ ಕಡೆಗೆ ಹೊರಟು ಸಿದ್ದಾಪುರ ಮುಟ್ಟುವಷ್ಟರಲ್ಲಿ ಅಕ್ಕಿ ಗಿರಣಿಯ ಹೊಟ್ಟಿನ ಧೂಳು ಕಣ್ಣಿಗೆ ಬಿದ್ದಿರುತ್ತದೆ. ಗಿರಣಿ ಇದ್ದಲ್ಲಿ ಶಾಫ್ಟು ಮುರಿಯುತ್ತದೆ. ಶಾಫ್ಟು ಮುರಿದಲ್ಲಿ ಲೇತ್ ಅಂಗಡಿ ಹುಟ್ಟುತ್ತದೆ. ಅಂಥ ಅಂಗಡಿಗಳಲ್ಲಿ ಈಚೆಗೆ ಒಂದು ಹೊಸ ತಳಿ ಕಾಣಿಸಿಕೊಂಡಿದೆ. ಹೆಸರು ಬೇಡ. ಸಿಂಧನೂರಿನಲ್ಲೂ ಸಿಗುತ್ತಾನೆ, ಕುಷ್ಟಗಿಯಲ್ಲೂ ಸಿಗುತ್ತಾನೆ. ಮನೆಗೆ ಆತುಕೊಂಡ ತಗಡಿನ ಶೆಡ್ಡು, ಒಂದು ಲೇತು, ಗುಜರಿಯಲ್ಲಿ ತೂಕಕ್ಕೆ ಕೊಂಡ ಒಂದು ಮಿಲ್ಲಿಂಗ್ ಮಷೀನು. ಎದುರಿಗೆ ಎಲ್ಲರೂ ಮಿಸ್ತ್ರಿ ಎನ್ನುತ್ತಾರೆ, ಹಿಂದೆ ಡಿಜಿಟಲ್ ಮಿಸ್ತ್ರಿ.

ಲೇತು ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯದು. 1941ರಲ್ಲಿ ಶುರುವಾಗಿ, ದೇಶಕ್ಕೆಲ್ಲ ಲೇತು ಕೊಟ್ಟು, ಕೊನೆಗೆ ತಾನೇ ಬಾಗಿಲು ಹಾಕಿಕೊಂಡ ಕಾರ್ಖಾನೆ. “ನಮ್ಮ ಹೊಳಿ ನೀರಾಗ ಹುಟ್ಟಿದ ಮಷೀನ್ರೀ ಇದು” ಎಂದು ಮಿಸ್ತ್ರಿ ಹೇಳುವುದರಲ್ಲಿ ಸುಳ್ಳಿಲ್ಲ; ಹರಿಹರವೂ ತುಂಗಭದ್ರೆಯ ದಂಡೆಯ ಊರೇ. ಆದರೆ ವಯಸ್ಸು ವಯಸ್ಸೇ. ಅಡ್ಡ ಸ್ಲೈಡಿನ ಸ್ಕ್ರೂಗೂ ನಟ್ಟಿಗೂ ನಡುವೆ ಅರ್ಧ ಮಿಲಿಮೀಟರ್ ಪ್ಲೇ. ಹ್ಯಾಂಡಲ್ಲನ್ನು ಒಳಗೆ ತಿರುಗಿಸಿ, ಮತ್ತೆ ಹೊರಗೆ ತಿರುಗಿಸಿದರೆ ಡಯಲ್ಲಿನ ಗೀಟುಗಳು ಓಡುತ್ತವೆ, ಟೂಲು ಇದ್ದಲ್ಲೇ ಇರುತ್ತದೆ. ಇದಕ್ಕೆ ಹಳಬರ ಉಪಾಯವೆಂದರೆ ಒಂದು ಸುತ್ತು ಹಿಂದೆ ಬಂದು, ಯಾವಾಗಲೂ ಒಂದೇ ದಿಕ್ಕಿನಿಂದ ಅಳತೆಗೆ ಹೋಗುವುದು. ಮಿಸ್ತ್ರಿಯ ತಂದೆ ಇದನ್ನು ಕಣ್ಣು ಮುಚ್ಚಿ ಮಾಡುತ್ತಿದ್ದರು. ಮಗ ಕಣ್ಣು ಬಿಟ್ಟುಕೊಂಡು ಮೊಬೈಲ್ ನೋಡುತ್ತಿದ್ದಾಗ ಇನ್ನೊಂದು ಉಪಾಯ ಕಂಡಿತು.

ಡಿಆರ್‌ಒ, ಅಂದರೆ ಡಿಜಿಟಲ್ ರೀಡೌಟ್. ಸ್ಕ್ರೂ ಎಷ್ಟು ತಿರುಗಿತು ಎಂಬ ಲೆಕ್ಕ ಬಿಟ್ಟು, ಸ್ಲೈಡು ನಿಜವಾಗಿ ಎಷ್ಟು ಸರಿಯಿತು ಎಂದು ತೋರಿಸುವ ಪಟ್ಟಿ ಮತ್ತು ಪರದೆ. ಪ್ಲೇ ಇದ್ದರೂ ಅದಕ್ಕೆ ಚಿಂತೆಯಿಲ್ಲ. ದೊಡ್ಡ ಕಾರ್ಖಾನೆಗಳಲ್ಲಿ ಇದಕ್ಕೆ ಗಾಜಿನ ಸ್ಕೇಲು ಹಾಕುತ್ತಾರೆ, ಮಿಲಿಮೀಟರಿನ ಸಾವಿರದಲ್ಲಿ ಐದು ಭಾಗದವರೆಗೆ ತೋರಿಸುತ್ತದೆ. ಬೆಂಗಳೂರಿನ ತುಮಕೂರು ರಸ್ತೆಯಲ್ಲಿ ನಡೆಯುವ ಐಎಂಟೆಕ್ಸ್ ಯಂತ್ರ ಪ್ರದರ್ಶನಕ್ಕೆ ಒಮ್ಮೆ ಹೋಗಿದ್ದ ಮಿಸ್ತ್ರಿ ಅದನ್ನೆಲ್ಲ ಮುಟ್ಟಿ ನೋಡಿ, ಎರಡು ಚೀಲ ಕ್ಯಾಟಲಾಗ್ ಹೊತ್ತು ತಂದಿದ್ದ. ರೇಟು ಕೇಳಿದ ಮೇಲೆ ಮತ್ತೆ ಮುಟ್ಟಿರಲಿಲ್ಲ.

ಬಡವರ ದಾರಿ ಬೇರೆ. ಸಾವಿರ ರೂಪಾಯಿಯೊಳಗೆ ಸಿಗುವ ಡಿಜಿಟಲ್ ವರ್ನಿಯರ್ ತರಿಸುವುದು, ಅದರ ದವಡೆ ಕತ್ತರಿಸುವುದು, ಪಟ್ಟಿಯನ್ನು ಸ್ಲೈಡಿಗೆ ಬಿಗಿಯುವುದು, ತಲೆಯನ್ನು ಸ್ಯಾಡಲ್ಲಿಗೆ ಕಟ್ಟುವುದು. ಹೇಳಿದಷ್ಟು ಸಸಾರವಲ್ಲ. ವರ್ನಿಯರಿನ ಸ್ಟೀಲು ಹದ ಮಾಡಿದ್ದು. ಡ್ರಿಲ್ ಇಟ್ಟರೆ ಡ್ರಿಲ್ಲೇ ಸವೆಯುತ್ತದೆ. ಮಿಸ್ತ್ರಿ ಎರಡು ಡ್ರಿಲ್ ಬಿಟ್ ಸುಟ್ಟ ಮೇಲೆ ಗ್ರೈಂಡರ್ ಹಿಡಿದ. ಕಿಡಿ ಹಾರುವುದನ್ನು ನೋಡಲು ಓಣಿಯ ಹುಡುಗರು ಸೇರಿದ್ದರು. ಹೊಚ್ಚ ಹೊಸ ಅಳತೆ ಸಾಮಾನನ್ನು ಡಬ್ಬಿಯಿಂದ ತೆಗೆದು ನೇರವಾಗಿ ಕತ್ತರಿಸುವವನನ್ನು ಕಂಡು ಅವನ ತಾಯಿ ಆಡಿದ ಮಾತನ್ನು ಇಲ್ಲಿ ಬರೆಯುವಂತಿಲ್ಲ.

ನಂತರ ಕರೆಂಟಿನ ಕಥೆ. ವರ್ನಿಯರಿನಲ್ಲಿ ಇರುವುದು ಬಟನ್ ಸೆಲ್ಲು. ಇಂಥ ಅಗ್ಗದ ಮಾಲಿಗೆ ಒಂದು ಗುಣ ಇದೆ: ಆಫ್ ಮಾಡಿದರೂ ಪರದೆ ಮಾತ್ರ ಆರುತ್ತದೆ, ಒಳಗಿನ ಸರ್ಕೀಟು ಸೆಲ್ಲು ತಿನ್ನುತ್ತಲೇ ಇರುತ್ತದೆ. ಬಟನ್ ಸೆಲ್ಲೂ 1.5 ವೋಲ್ಟು, ಪೆನ್ಸಿಲ್ ಸೆಲ್ಲೂ 1.5 ವೋಲ್ಟು ಎಂದು ತಿಳಿದ ದಿನ ಮಿಸ್ತ್ರಿ ಗೋಡೆ ಗಡಿಯಾರದ ಸೆಲ್ಲನ್ನೇ ತೆಗೆದು ತಂತಿ ಎಳೆದ. ಅಂದಿನಿಂದ ಆ ಅಂಗಡಿಯಲ್ಲಿ ಮಿಲಿಮೀಟರಿನ ನೂರನೇ ಭಾಗ ಗೊತ್ತಾಗುತ್ತದೆ, ಎಷ್ಟು ಗಂಟೆ ಎಂದು ಗೊತ್ತಾಗುವುದಿಲ್ಲ. “ಸಂಜೀಕ ಬರ್ರಿ, ರೆಡಿ ಇರ್ತೈತಿ” ಎಂಬ ಮಾತಿಗೆ ಮೊದಲೂ ಅರ್ಥವಿರಲಿಲ್ಲ, ಅದು ಬೇರೆ.

ಪಟ್ಟಿಯ ಮೇಲೆ ಎಣ್ಣೆ, ಕೂಲಂಟ್ ಬಿದ್ದರೆ ಅಂಕಿಗಳು ಕುಣಿಯುತ್ತವೆ. ಅದಕ್ಕೆ ಸೈಕಲ್ ಟ್ಯೂಬ್ ಸೀಳಿ ಮುಸುಕು ಹಾಕಿದ. ಅಷ್ಟಕ್ಕೇ ನಿಲ್ಲಬಹುದಿತ್ತು. ಆದರೆ ವರ್ನಿಯರಿನ ಮೈಯಲ್ಲಿ ಒಂದು ಸಣ್ಣ ಮುಚ್ಚಳ, ಅದರ ಕೆಳಗೆ ನಾಲ್ಕು ಹಿತ್ತಾಳೆ ಬಣ್ಣದ ಚುಕ್ಕೆ. ಅಲ್ಲಿಂದ ಅಳತೆ ಹೊರಗೆ ಬರುತ್ತದಂತೆ. ಊರಿನ ಇಂಜಿನಿಯರಿಂಗ್ ಓದುವ ಹುಡುಗನೊಬ್ಬ ಬೆಂಗಳೂರಿನ ಎಸ್‌ಪಿ ರಸ್ತೆಯಿಂದ ಬೋರ್ಡ್ ತಂದು ಬೆಸುಗೆ ಹಾಕಿಕೊಟ್ಟ. ಟಚ್‌ಡಿಆರ್‌ಒ ಎಂಬ ಆಂಡ್ರಾಯ್ಡ್ ಆ್ಯಪ್ ಇಳಿಯಿತು. ಚಕ್ಕಿನ ಮೇಲ್ಗಡೆ ಹಳೇ ಮೊಬೈಲು ನೇತುಬಿತ್ತು, ಅದರಲ್ಲಿ ಅಂಗೈಯಗಲದ ಅಂಕಿಗಳು.

ಮೊದಲ ವಾರ ಹಾಳಾದ ಶಾಫ್ಟುಗಳ ಬಗ್ಗೆ ಅವನು ಮಾತಾಡುವುದಿಲ್ಲ. ಟೂಲು ಒಂದು ಮಿಲಿಮೀಟರ್ ಒಳಗೆ ಹೋದರೆ ಜಾಬಿನ ದಪ್ಪ ಎರಡು ಮಿಲಿಮೀಟರ್ ಇಳಿಯುತ್ತದೆ. ಆ್ಯಪಿನಲ್ಲಿ ಅದಕ್ಕೊಂದು ಆಯ್ಕೆ ಇದ್ದದ್ದು ತಡವಾಗಿ ಕಂಡಿತು. ಇನ್ನೊಂದು ಸಲ ಕೊನೇ ಕಟ್ಟು ಹೊಡೆಯುತ್ತಿದ್ದಾಗ, 30.04, 30.03 ಎಂದು ಇಳಿಯುತ್ತಿದ್ದ ಅಂಕಿ ಮಾಯವಾಗಿ ಅಲ್ಲಿ ಹೆಂಡತಿಯ ಫೋಟೊ ಮೂಡಿತು. ಲೇತಿನ ಸದ್ದಿಗೆ ಕೂಗು ಕೇಳುವುದಿಲ್ಲವೆಂದು ಆಕೆ ಅಡುಗೆಮನೆಯಿಂದಲೇ ಊಟಕ್ಕೆ ಫೋನ್ ಮಾಡಿದ್ದಳು. ಫೋಟೊ ಸರಿದಾಗ ಪರದೆಯಲ್ಲಿ 29.61 ಇತ್ತು. ಆ ಶಾಫ್ಟು ಈಗ ಶೆಡ್ಡಿನ ಬಾಗಿಲಿಗೆ ಅಗುಳಿ.

ಇಷ್ಟೆಲ್ಲ ಆದರೂ ಅವನ ಮಾತಿನ ಧಾಟಿ ಬದಲಾದದ್ದೇ ದೊಡ್ಡ ಸಂಗತಿ. ಹಿಂದೆ “ಒಂದೀಟ ಟೈಟ್ ಆಗೇತಿ” ಎನ್ನುತ್ತಿದ್ದವ ಈಗ “ಪಾಯಿಂಟ್ ಸೊನ್ನೆ ಮೂರು ಜಾಸ್ತಿ ಐತಿ” ಎನ್ನುತ್ತಾನೆ. ಮಿರ್ಚಿ ಅಂಗಡಿಯಲ್ಲಿ ಮೆಣಸಿನಕಾಯಿಯ ಮೇಲಿನ ಹಿಟ್ಟು ಎರಡೂ ಬದಿಗೆ ಸಮ ಇಲ್ಲವೆಂದು ತಕರಾರು ತೆಗೆದದ್ದನ್ನು ಕಂಡವರಿದ್ದಾರೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಗೇಟುಗಳಲ್ಲಿ 19ನೆಯದರ ಚೈನು ಕಡಿದು ನೀರು ಹರಿದುಹೋಗತೊಡಗಿದಾಗ ಎಡದಂಡೆ ಕಾಲುವೆ ನಂಬಿದ ಊರುಗಳೆಲ್ಲ ಕಂಗಾಲು. ಗೇಟ್ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಒಂದು ವಾರದಲ್ಲಿ ತಾತ್ಕಾಲಿಕ ಗೇಟಿನಂಥ ಸ್ಟಾಪ್‌ಲಾಗ್ ಇಳಿಸಿ ನೀರು ತಡೆದರು. ಚಹಾದಂಗಡಿಯಲ್ಲಿ ಮಿಸ್ತ್ರಿಯ ಷರಾ: “ಅಲ್ಲೊಂದು ಡಿಆರ್‌ಒ ಇದ್ದಿದ್ರ ಚೈನು ತೇದಿದ್ದು ಮೊದ್ಲ ಗೊತ್ತಾಕ್ಕಿತ್ತು.” ಡಿಆರ್‌ಒ ಅಳೆಯುವುದು ಸರಿದ ದೂರವನ್ನು, ತೇದ ಕಬ್ಬಿಣವನ್ನಲ್ಲ. ಆದರೆ ಅದನ್ನು ಹೇಳಿ ಮುಂದಿನ ಒಂದು ತಾಸು ಕಳೆದುಕೊಳ್ಳಲು ಅಲ್ಲಿ ಯಾರೂ ತಯಾರಿರಲಿಲ್ಲ.

ಅವನ ದೈವ ಎರಡನೇ ದಶಾಂಶ. ಪರದೆ 0.01 ತೋರಿಸುವುದು ನಿಜ. ಆದರೆ ಆ ದರ್ಜೆಯ ವರ್ನಿಯರಿನ ಡಬ್ಬಿಯಲ್ಲಿ ಮಡಚಿಟ್ಟ ಚೀಟಿಯಲ್ಲೇ 0.02, 0.03 ಹೆಚ್ಚುಕಮ್ಮಿ ಆಗಬಹುದೆಂದು ಬರೆದಿರುತ್ತದೆ. ಚೀಟಿ ಓದುವುದು ಅವಮಾನ. ಗಿರಣಿಯ ಎಲಿವೇಟರಿಗೆ ಹಾಕುವ 6206 ಬೇರಿಂಗಿನ ತೂತು 30 ಮಿಲಿಮೀಟರ್. ಅದರಲ್ಲಿ ಶಾಫ್ಟು ಗಟ್ಟಿಯಾಗಿ ಕೂರಬೇಕೆಂದರೆ ಕೈಪಿಡಿಗಳು ಹೇಳುವ ಒಂದು ಸಾಮಾನ್ಯ ಲೆಕ್ಕದಲ್ಲಿ 30ಕ್ಕಿಂತ 0.002ರಿಂದ 0.015ರಷ್ಟು ದಪ್ಪ ಇರಬೇಕು. ಅಂದರೆ ಪರದೆಯ ತಪ್ಪೇ ಕೆಲಸದ ಒಪ್ಪಿಗಿಂತ ದೊಡ್ಡದು. ಇದಲ್ಲದೆ ಆ ದಪ್ಪದ ಉಕ್ಕು ಮೂವತ್ತು ಡಿಗ್ರಿ ಕಾದರೆ ಸುಮಾರು 0.01 ಉಬ್ಬುತ್ತದೆ; ಟೂಲಿನ ಉಜ್ಜಾಟಕ್ಕೆ ಜಾಬು ಅಷ್ಟು ಕಾಯುವುದು ದಿನದ ಮಾತು. ಉದ್ದಗಲಗಳನ್ನು ಯಾವ ಉಷ್ಣಾಂಶದಲ್ಲಿ ಅಳೆದದ್ದು ಲೆಕ್ಕಕ್ಕೆ ಬರುತ್ತದೆ ಎಂಬುದಕ್ಕೆ ಜಗತ್ತಿನಲ್ಲೆಲ್ಲ ಒಪ್ಪಿದ ನಿಯಮವಿದೆ: 20 ಡಿಗ್ರಿ. ಐಎಸ್‌ಒ ಮಾನದಂಡಗಳಲ್ಲಿ ಒಂದನೇ ನಂಬರೇ ಅದು. ಏಪ್ರಿಲ್‌ನಲ್ಲಿ ಸಿದ್ದಾಪುರದ ತಗಡಿನ ಶೆಡ್ಡು 20 ಡಿಗ್ರಿಗೆ ಇಳಿಯಬೇಕಾದರೆ ಅದನ್ನು ಊಟಿಗೆ ಸಾಗಿಸಬೇಕು. ಈ ವಿಷಯ ಕಿವಿಗೆ ಬಿದ್ದ ಮರುದಿನ ಮಿಸ್ತ್ರಿ ತನ್ನ ಕಡೆಗಿದ್ದ ಟೇಬಲ್ ಫ್ಯಾನನ್ನು ಜಾಬಿನ ಕಡೆಗೆ ತಿರುಗಿಸಿದ.

ಬೇರಿಂಗ್ ಕೂರಿಸುವ ಹೊತ್ತಿಗೆ ಮಾತ್ರ ಅವನು ಅತ್ತಿತ್ತ ನೋಡಿ, ಡ್ರಾ ಎಳೆದು, ಅಪ್ಪನ ಕಾಲದ ಮೈಕ್ರೊಮೀಟರ್ ತೆಗೆಯುತ್ತಾನೆ. ಗಿರಾಕಿ ಎದುರಿಗಿದ್ದರೆ ತೆಗೆಯುವುದಿಲ್ಲ.

ನಗುವುದು ಸುಲಭ, ಕೊಡಬೇಕಾದ ಮಾನ ಕೊಡಬೇಕು. ಮಿಲ್ಲಿಂಗ್ ಮಷೀನಿಗೆ ಎರಡು ಕಡೆ ಪಟ್ಟಿ ಹಾಕಿದ ಮೇಲೆ ಅಂಗಡಿಯ ಕೆಲಸ ನಿಜವಾಗಿ ಸುಧಾರಿಸಿತು. ಜಾಬಿನ ಒಂದು ಅಂಚು ಮುಟ್ಟಿ ಸೊನ್ನೆ ಮಾಡಿ, ಎದುರಂಚು ಮುಟ್ಟಿ ಅರ್ಧದ ಗುಂಡಿ ಒತ್ತಿದರೆ ಸೊನ್ನೆ ನಟ್ಟನಡುವಿಗೆ ಬಂದು ಕೂರುತ್ತದೆ. ಕಪ್ಲಿಂಗಿನ ಸುತ್ತ ಆರು ತೂತು ಹಾಕಬೇಕೇ? ವೃತ್ತದ ಅಳತೆ ಕೊಟ್ಟರೆ ಒಂದೊಂದು ತೂತಿಗೂ ಟೇಬಲ್ಲು ಎಲ್ಲಿ ನಿಲ್ಲಬೇಕೆಂದು ಆ್ಯಪೇ ಲೆಕ್ಕ ಹಾಕುತ್ತದೆ. ಮೊದಲು ಡಿವೈಡರಿನಲ್ಲಿ ಗೀಚಿ, ಪಂಚ್ ಹೊಡೆದು ತೂತು ಹಾಕಿ, ಎರಡು ಕಪ್ಲಿಂಗು ಎದುರುಬದುರು ಇಟ್ಟಾಗ ನಾಲ್ಕು ಬೋಲ್ಟು ಹೋಗಿ ಎರಡು ಹೋಗದೆ, ದುಂಡು ಅರದಲ್ಲಿ ಉಜ್ಜುತ್ತ ಕೂರುವ ಕಾಲವಿತ್ತು. ಈಗ ಆರೂ ಹೋಗುತ್ತವೆ. ಐಟಿಐ ಮುಗಿಸಿ ಬಂದ ಹುಡುಗನಿಗೆ ಈ ಮುದಿ ಲೇತಿನ ಪ್ಲೇ ಕೈಗೆ ಹತ್ತಲು ವರ್ಷ ಬೇಕಿತ್ತು. ಪರದೆ ನೋಡಿಕೊಂಡು ಅವನು ವಾರದಲ್ಲೇ ಒಂದೇ ಸಮನಾದ ಬುಷ್ಷುಗಳನ್ನು ಸಾಲಾಗಿ ಇಳಿಸಿದ. ಅಗ್ಗದ ಪಟ್ಟಿಯ ಗೆಲುವು ಇಲ್ಲಿರುವುದು, ಎರಡನೇ ದಶಾಂಶದಲ್ಲಲ್ಲ. ಮಿಸ್ತ್ರಿ ಇದನ್ನು ಹೊಗಳಿಕೊಳ್ಳುವುದೇ ಇಲ್ಲ. “ಅದೇನ್ ದೊಡ್ಡದ್ರಿ, ಹುಡುಗ್ರ ಕೆಲಸ” ಎಂದು ಮತ್ತೆ ಪಾಯಿಂಟ್ ಸೊನ್ನೆ ಒಂದಕ್ಕೆ ಬರುತ್ತಾನೆ.

ಕಳೆದ ಸುಗ್ಗಿಯಲ್ಲಿ ಹತ್ತಿರದ ಕ್ಯಾಂಪಿನ ರೈತರೊಬ್ಬರು ಕಟಾವು ಮಷೀನಿನ ಶಾಫ್ಟು ತಂದರು. ಮಿಸ್ತ್ರಿ ಫ್ಯಾನು ತಿರುಗಿಸಿ, ಟ್ಯೂಬಿನ ಮುಸುಕು ಸರಿಸಿ, ಮೊಬೈಲನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಬ್ಲೂಟೂತ್ ಸಿಗದೆ ಮತ್ತೆ ಹುಡುಕಿ, ಸ್ಕೇಲಿನಿಂದ ಹಿಡಿದು ಬೋರ್ಡಿನವರೆಗೆ ಎಲ್ಲವನ್ನೂ ವಿವರಿಸಿದ. ಆ ಹಿರಿಯರು ಬೀಡಿ ಮುಗಿಯುವವರೆಗೆ ತಾಳ್ಮೆಯಿಂದ ಕೇಳಿ, ರೇಟೆಷ್ಟು ಎಂದರು. ಎಂಟುನೂರು ಎಂದ ಮಿಸ್ತ್ರಿ.

“ಹಂಗಾದ್ರ ಈ ಡಿಜಿಟಲ್ ಬ್ಯಾಡಪಾ, ಸಾದಾ ಮಾಡಿ ಕೊಡು. ಎಷ್ಟು ಕಡಿಮಿ ಆಕ್ಕೈತಿ?”