ಹೆರಳಿಲ್ಲದ ನಾಲ್ಕನೆಯವನು

ಒಂದು ಜನ್ಮದಲ್ಲಿ ತೀರದ ಪ್ರೇಮವನ್ನು ಮುಂದಿನ ಜನ್ಮದ ಖಾತೆಗೆ ಬಾಕಿಯೆಂದು ಬರೆದಿಡುವ ಪದ್ಧತಿ ಭರತಖಂಡದ ಕವಿಗಳಿಗೆ ಹೊಸತಲ್ಲ. ಬಾಣಭಟ್ಟನು ತನ್ನ ಕಾದಂಬರಿಯಲ್ಲಿ ಪುಂಡರೀಕನನ್ನು ವಿರಹತಾಪದಿಂದ ಮಡಿಯಿಸಿ, ವೈಶಂಪಾಯನನನ್ನಾಗಿ ಹುಟ್ಟಿಸಿ, ಅದೂ ಸಾಲದೆಂದು ಗಿಳಿಯ ಜನ್ಮಕ್ಕೆ ಇಳಿಸಿ, ಈ ಅವಾಂತರಗಳೆಲ್ಲ ನಡೆಯುವಷ್ಟು ಕಾಲವೂ ಮಹಾಶ್ವೇತೆಯನ್ನು ಅಚ್ಛೋದ ಸರೋವರದ ತೀರದಲ್ಲಿ ವೀಣೆಯೊಡನೆ ಕುಳ್ಳಿರಿಸಿ, ಕಥೆ ಮುಗಿಯುವ ಮೊದಲೇ ತಾನೇ ಕಣ್ಮುಚ್ಚಿದನು. ಉತ್ತರಭಾಗದ ಹೊರೆ ಮಗನ ತಲೆಯ ಮೇಲೆ ಬಿತ್ತು. ಇಷ್ಟನ್ನೂ ನಾಗವರ್ಮನು ಚಂಪುವಾಗಿ ಕನ್ನಡಿಸಿಕೊಟ್ಟಿರುವಲ್ಲಿ, ಚೀನದೇಶದ ಒಂದು ಐತಿಹಾಸಿಕ ಪ್ರೇಮಧಾರಾವಾಹಿಗೆ ಆಧುನಿಕ ಕಾಲದ ಉತ್ತರಭಾಗವೊಂದು ಉಂಟೆಂದು ಮೊಮ್ಮಗಳು ಹೇಳಿದಾಗ ನಾನು ಆಶ್ಚರ್ಯಪಡಲಿಲ್ಲ. ಆಶ್ಚರ್ಯವಾದುದು, ಅಲ್ಲಿ ನಾಯಕನಿಗೆ ಗಿಳಿಯ ಜನ್ಮವನ್ನು ಕೊಡದೆ ಕಂಪನಿಯ ಮೇಲಧಿಕಾರಿಯ ಜನ್ಮವನ್ನು ಕೊಟ್ಟಿದ್ದಾರೆಂಬುದನ್ನು ಕೇಳಿ. ಗಿಳಿಯಾದರೂ ಕಥೆ ಹೇಳುತ್ತಿತ್ತು.

ಗದಗಿನಲ್ಲಿ ಓದುತ್ತಿರುವ ಮೊಮ್ಮಗಳು ರಜೆಗೆಂದು ರಾಜೂರಿಗೆ ಬಂದಳೆಂದರೆ ಸಂಜೆ ನಮ್ಮ ಪಡಸಾಲೆಯಲ್ಲಿ ಪುರಾಣ ಪ್ರಾರಂಭವಾಗುತ್ತದೆ. ಮೊಬೈಲಿನಲ್ಲಿ ಚಿತ್ರ ಓಡುತ್ತಿರುತ್ತದೆ. ಇವಳು ಅಡಿಬರಹವನ್ನೋದಿ ನಮ್ಮ ಭಾಷೆಗೆ ಇಳಿಸುತ್ತಾಳೆ. ನಮ್ಮ ಮನೆಯಾಕೆ ಮೊರದಲ್ಲಿ ಜೋಳ ಹಸನು ಮಾಡುತ್ತ ಕೇಳುತ್ತಾಳೆ. ನಾನು ಪತ್ರಿಕೆಯ ಮರೆಯಲ್ಲಿ, ಕೇಳದವನಂತೆ ಕೇಳುತ್ತೇನೆ. ಧಾರಾವಾಹಿಯ ಹೆಸರು ‘ಬು ಬು ಜಿಂಗ್ ಶಿನ್’. ತೊಂಗ್ ಹುವಾ ಎಂಬ ಲೇಖಕಿ ೨೦೦೫ರಲ್ಲಿ ಬರೆದ ಕಾದಂಬರಿಯನ್ನು ೨೦೧೧ರಲ್ಲಿ ಹುನಾನ್ ದೂರದರ್ಶನದವರು ಮೂವತ್ತೈದು ಕಂತುಗಳಾಗಿ ತೋರಿಸಿದರು. ಇಂದಿನ ಕಾಲದ ಚಾಂಗ್ ಶಿಯಾವೊ ಎಂಬ ತರುಣಿ ಅಪಘಾತಕ್ಕೊಳಗಾಗಿ ಕಣ್ದೆರೆದರೆ, ಕಾಲಚಕ್ರ ಹಿಂದಕ್ಕೆ ತಿರುಗಿ ಕಾಂಗ್‌ಶಿ ಚಕ್ರವರ್ತಿಯ ಆಳ್ವಿಕೆಯ ನಲವತ್ತಮೂರನೆಯ ವರ್ಷಕ್ಕೆ, ಎಂದರೆ ೧೭೦೪ಕ್ಕೆ, ಬಂದು ನಿಂತಿರುತ್ತದೆ. ಅವಳು ರುವೊಶಿ ಎಂಬ ಹೆಸರಿನ ಕನ್ಯೆಯಾಗಿರುತ್ತಾಳೆ. ಅದೇ ಸುಮಾರಿನಲ್ಲಿ ನಮ್ಮ ಕಡೆ ಮುದುಕನಾದ ಔರಂಗಜೇಬನು ದಕ್ಷಿಣದ ಕೋಟೆಗಳನ್ನು ಒಂದೊಂದಾಗಿ ಮುತ್ತುತ್ತ, ಮರುವರ್ಷ ಸುರಪುರದ ನಾಯಕರ ವಾಗಿನಗೇರಿಯ ಮುಂದೆ ಡೇರೆ ಹಾಕಿದನು. ಚಾಂಗ್ ಶಿಯಾವೊ ದಿಕ್ಕು ತಪ್ಪಿ ಇತ್ತ ಬೀಳಲಿಲ್ಲವೆಂಬುದು ಅವಳ ಪೂರ್ವಪುಣ್ಯ.

ಚಕ್ರವರ್ತಿಗೆ ಬಹುಮಂದಿ ಗಂಡುಮಕ್ಕಳು. ಪಟ್ಟಕ್ಕಾಗಿ ಅವರ ಹೊಡೆದಾಟ. ತಂದೆಯು ಯುವರಾಜನನ್ನು ೧೭೦೮ರಲ್ಲಿ ಇಳಿಸಿ, ಮರುವರ್ಷ ಏರಿಸಿ, ೧೭೧೨ರಲ್ಲಿ ಮತ್ತೆ ಇಳಿಸಿದ ವೃತ್ತಾಂತವು ಇತಿಹಾಸದಲ್ಲಿಯೂ ಇದೆ. ಇದನ್ನು ಕೇಳಿದ ನಮ್ಮಾಕೆ ಮೊರವನ್ನು ಕೆಳಗಿಟ್ಟು, “ಕೈಕಾಲು ಗಟ್ಟಿ ಇದ್ದಾಗ್ಲೇ ವಾಟಣಿ ಮಾಡಿಕೊಟ್ಟಿದ್ರ ಈ ರಾಡಿ ಯಾಕ ಆಗ್ತಿತ್ತವಾ?” ಎಂದಳು. ಚೀನದ ಇತಿಹಾಸವನ್ನು ಕುರಿತು ಇದಕ್ಕಿಂತ ಸಂಕ್ಷಿಪ್ತವಾದ ವಿಮರ್ಶೆಯನ್ನು ನಾನು ಕೇಳಿಲ್ಲ.

ಆ ರಾಜಪುತ್ರರ ಹೆಸರುಗಳು ಅವಳ ನಾಲಗೆಗೆ ಹೊರಳುವಂತಹವಲ್ಲವಾದ್ದರಿಂದ ‘ನಾಕನೇದಾಂವ’, ‘ಎಂಟನೇದಾಂವ’, ‘ಹದಿನಾಕನೇದಾಂವ’ ಎಂದು ಎಣಿಕೆಯಿಂದಲೇ ವ್ಯವಹಾರ ನಡೆಯಿತು. ಅರಮನೆಯ ಶಿಷ್ಟಾಚಾರವೂ ಇದೇ ಎಂಬುದು ಆಮೇಲೆ ತಿಳಿಯಿತು. ನಾಲ್ಕನೆಯವನು ೧೭೨೨ರಲ್ಲಿ ಯೊಂಗ್‌ಜೆಂಗ್ ಎಂಬ ಬಿರುದಿನಿಂದ ಪಟ್ಟವೇರಿದಾಗ, ಚಕ್ರವರ್ತಿಯ ಹೆಸರಿನ ಅಕ್ಷರವನ್ನು ಇತರರು ಧರಿಸಬಾರದೆಂದು ಅವನ ಸಹೋದರರೆಲ್ಲರ ಹೆಸರಿನ ಮೊದಲಕ್ಷರವನ್ನೇ ಬದಲಾಯಿಸಲಾಯಿತಂತೆ. ನಲವತ್ತಕ್ಕೂ ಮಿಕ್ಕ ವರ್ಷಗಳ ದಾಂಪತ್ಯದಲ್ಲಿ, ಮದುವೆ ಮುಂಜಿಗಳಲ್ಲಿ ಒಡಪು ಹೇಳಲು ಒತ್ತಾಯಿಸಿದಾಗಲ್ಲದೆ, ನನ್ನ ಹೆಸರನ್ನು ಒಮ್ಮೆಯೂ ಬಾಯಲ್ಲಿ ತಾರದ ಗೃಹಿಣಿಗೆ ಇದು ಪರಮ ನ್ಯಾಯವಾಗಿ ಕಂಡಿತು.

ಅವಳಿಗೆ ಒಗ್ಗದಿದ್ದುದು ಒಂದೇ: ಮುಂದಲೆಯನ್ನು ನುಣ್ಣಗೆ ಬೋಳಿಸಿ ಹಿಂದೆ ಉದ್ದನೆಯ ಜಡೆಯನ್ನು ಇಳಿಬಿಟ್ಟ ಆ ಗಂಡಸರ ಕೇಶಾಲಂಕಾರ. “ಮುಂದ ಬೋಳು, ಹಿಂದ ಹೆರಳು, ಇದೆಂಥಾ ಗಂಡಸ್ರವಾ ಇವ್ರು!” ಎಂದು ಮೊದಲ ದಿನ ಸೆರಗಿನ ಮರೆಯಲ್ಲಿ ನಕ್ಕಳು. ಆದರೆ ರುವೊಶಿ ರಾಜಕೋಪಕ್ಕೆ ತುತ್ತಾಗಿ ಸುರಿಯುವ ಮಳೆಯಲ್ಲಿ ಮೊಣಕಾಲೂರಿದಾಗ ನಾಲ್ಕನೆಯವನು ಬಂದು, ಕೊಡೆಯನ್ನೆಸೆದು, ತಾನೂ ಒದ್ದೆಯಾಗುತ್ತ ಮಾತಿಲ್ಲದೆ ನಿಂತನಷ್ಟೆ. ಅಂದಿನಿಂದ ಅವನ ಹೆರಳಿಗೆ ನಮ್ಮ ಮನೆಯಲ್ಲಿ ಮಾನ್ಯತೆ ದೊರೆಯಿತು. ಕಡೆಯಲ್ಲಿ ಹದಿನಾಲ್ಕನೆಯವನ ಮನೆಯಲ್ಲಿ ಸಾಯುತ್ತಿರುವ ರುವೊಶಿ ಬರೆದ ಓಲೆಯನ್ನು, ಅವನು ತನ್ನ ಕೈಬರಹದ ಲಕೋಟೆಯೊಳಗಿಟ್ಟು ಕಳುಹಿಸುತ್ತಾನೆ. ತಮ್ಮನ ಬೈಗುಳವಿರಬೇಕೆಂದು ಬಗೆದ ಚಕ್ರವರ್ತಿ ಅದನ್ನು ಒಡೆಯದೆ ಇಡುತ್ತಾನೆ. ಆ ರಾತ್ರಿ ನಮ್ಮ ಮನೆಯಲ್ಲಿ ರೊಟ್ಟಿ ತಡವಾದವು.

ಇನ್ನು ಉತ್ತರಭಾಗ. ೨೦೧೪ರ ‘ಬು ಬು ಜಿಂಗ್ ಚಿಂಗ್’ನಲ್ಲಿ ಅದೇ ನಟಿ ಲಿಯು ಶಿಶಿ, ಅದೇ ನಟ ನಿಕಿ ವು. ನಾಯಕಿ ಈ ಕಾಲಕ್ಕೆ ಮರಳಿದ್ದಾಳೆ. ನಾಲ್ಕನೆಯವನ ಮುಖವನ್ನು ಹೊತ್ತವನು ಕೋಟು ಧರಿಸಿ, ದೊಡ್ಡ ವ್ಯಾಪಾರಸಂಸ್ಥೆಯೊಂದರ ಅಧಿಕಾರಕ್ಕಾಗಿ ಗಾಜಿನ ಕೋಣೆಗಳಲ್ಲಿ ಸೆಣಸುತ್ತಿದ್ದಾನೆ. ಸಿಂಹಾಸನದ ಸ್ಥಾನಕ್ಕೆ ಶೇರುಗಳು ಬಂದಿವೆ. ನಮ್ಮಾಕೆ ಮೊಬೈಲನ್ನು ಕಣ್ಣಿನ ಹತ್ತಿರಕ್ಕೆ ತಂದುಕೊಂಡು ಬಹಳ ಹೊತ್ತು ನೋಡಿ, “ಇವ ಅವಲ್ಲ” ಎಂದಳು.

“ಅವನ ಅದಾನಬೇ ಅಮ್ಮಾ, ಮುಖಾ ನೋಡ.”

“ಹೆರಳೆಲ್ಲಿ ಹೋತ ಹಂಗಾರ?”

ಮೊಮ್ಮಗಳು ಕಾಲಮಾನದ ಭೇದವನ್ನು ಸಾವಧಾನವಾಗಿ ವಿವರಿಸಿದಳಾದರೂ ಪ್ರಯೋಜನವಾಗಲಿಲ್ಲ. ನಾನು ಮೌನವಾಗಿ ಮನೆಯಾಕೆಯ ಪಕ್ಷವನ್ನೇ ವಹಿಸಿದೆ. ಯಾಕೆಂದರೆ ಹೆರಳಿನೊಡನೆ ಹೋದದ್ದು ಕೇವಲ ಕೂದಲಲ್ಲವಷ್ಟೆ. ಮೊಣಕಾಲೂರುವ ಭಯ, ಕಣ್ಣೆತ್ತಿ ನೋಡಬಾರದೆಂಬ ಕಟ್ಟಳೆ, ಒಡೆಯದೆ ಉಳಿಯಬಹುದಾದ ಲಕೋಟೆ, ಇವೆಲ್ಲವೂ ಹೋದವು. ಕೈಯಲ್ಲಿ ದೂರವಾಣಿಯಿರುವ ಪ್ರಣಯಿಗಳ ನಡುವೆ ಎಂತಹ ವಿರಹವನ್ನು ತಾನೆ ಹೂಡಬಹುದು? ಸಂದೇಶವು ಮುಟ್ಟಿತೋ, ಅವನು ಓದಿದನೋ ಎಂಬುದನ್ನು ಎರಡು ನೀಲಿ ಗೆರೆಗಳು ತತ್ಕ್ಷಣವೇ ಹೇಳಿಬಿಡುತ್ತವೆ. ಮಳೆ ಬಂದರೆ ಮೋಟಾರಿನ ಗಾಜು ಏರಿಸಿದರಾಯಿತು. ಅಡ್ಡಿಗಳನ್ನೆಲ್ಲ ಕಿತ್ತೊಗೆದ ಕಥೆಗಾರನಿಗೆ ಕೊನೆಗೆ ಶೇರುಪೇಟೆಯ ಏರಿಳಿತವಲ್ಲದೆ ಬೇರೆ ಗತಿಯಿರಲಿಲ್ಲ.

ಆ ಉತ್ತರಭಾಗವನ್ನು ಮಹಾನಗರದ ಗಗನಚುಂಬಿ ಕಟ್ಟಡಗಳಲ್ಲಿ ಹೂಡಿದ್ದೇ ಅವಿವೇಕವೆಂದು ನನ್ನ ಅಭಿಪ್ರಾಯ. ರಾಜೂರಿನಲ್ಲಿ ಹೂಡಬಹುದಾಗಿತ್ತು. ರುವೊಶಿ ಚಕ್ರವರ್ತಿಯ ಸನ್ನಿಧಿಯಲ್ಲಿ ಚಹಾ ಒಪ್ಪಿಸುವ ಊಳಿಗದವಳು. ಬಟ್ಟಲು ಇಡುವಾಗ ಕೈ ನಡುಗಿದರೆ ತಲೆಗೆ ಸಂಚಕಾರ. ಕನ್ಯೆ ನೋಡಲು ಗಂಡಿನ ಕಡೆಯವರು ಬಂದು ಪಡಸಾಲೆಯ ಜಮಖಾನೆಯ ಮೇಲೆ ಮಂಡಿಸಿರುವಾಗ, ಉಪ್ಪಿಟ್ಟಿನ ಹಿಂದೆಯೇ ಚಹದ ಬಟ್ಟಲುಗಳನ್ನು ತಾಟಿನಲ್ಲಿರಿಸಿಕೊಂಡು, ತಲೆ ತಗ್ಗಿಸಿ ಒಳಗಿನಿಂದ ಬರುವ ನಮ್ಮೂರ ಕನ್ಯೆಯ ಪಾಡೂ ಅದಕ್ಕಿಂತ ಹಗುರವೇನಲ್ಲ. ಚಕ್ರವರ್ತಿಯಾದರೂ ಒಬ್ಬನೇ ಕುಡಿಯುತ್ತಿದ್ದನು. ಇಲ್ಲಿ ಸೋದರಮಾವಂದಿರು, ದೊಡ್ಡಪ್ಪಂದಿರು, ಮದುವೆ ಕೂಡಿಸುವ ಹಿರಿಯರು, ಎಲ್ಲರ ದೃಷ್ಟಿಯೂ ಒಂದೇ ತಾಟಿನ ಮೇಲೆ. ಪಟ್ಟದ ಕಲಹಕ್ಕೂ ಕೊರತೆಯಿಲ್ಲ. ನಾಲ್ಕೆಕರೆ ಎರೆಹೊಲದ ಉತಾರದಲ್ಲಿ ಯಾರ ಹೆಸರು ಮೊದಲು ಬರಬೇಕೆಂಬ ಒಂದು ಪ್ರಶ್ನೆಯ ಮೇಲೆ ಅಣ್ಣತಮ್ಮಂದಿರು ರೋಣದ ಕೋರ್ಟಿಗೆ ಸವೆಸುವ ಹಾದಿಯಲ್ಲಿ ಮೂವತ್ತೈದು ಕಂತುಗಳಿಗೆ ಬೇಕಾಗುವಷ್ಟು ಸಾಮಗ್ರಿಯಿದೆ. ಗಜೇಂದ್ರಗಡದ ಗುಡ್ಡದ ಮೇಲೆ ತಿರುಗುವ ಗಾಳಿಯಂತ್ರಗಳು ಆಧುನಿಕ ಕಾಲವಿದೆಂಬುದನ್ನು ಸಾರಲು ಸಾಕು.

ಈ ಯೋಜನೆಯನ್ನು ಮೊಮ್ಮಗಳ ಮುಂದಿಟ್ಟೆ. ಅವಳು ಅದನ್ನು ತಲೆಕೆಳಗು ಮಾಡಿ ಸ್ವೀಕರಿಸಿದಳು. ಅವಳ ನಾಯಕಿ ರಾಜೂರಿನವಳೇ. ಹೊಲದ ಮೋಟಾರಿನ ಸ್ಟಾರ್ಟರು ಮುಟ್ಟಿ ವಿದ್ಯುದಾಘಾತದಿಂದ ಮೂರ್ಛಿತಳಾಗಿ, ೧೦೪೭ರ ಸೂಡಿಯಲ್ಲಿ ಎಚ್ಚರಗೊಳ್ಳುತ್ತಾಳೆ. ಅಲ್ಲಿ ಕಿಸುಕಾಡು ಎಪ್ಪತ್ತನ್ನು ಆಳುತ್ತಿರುವವಳು ಚಾಲುಕ್ಯರ ಅಕ್ಕಾದೇವಿ. ಆದರೆ ಅದೇ ವರ್ಷ ಅಕ್ಕಾದೇವಿಯು ಗೋಕಾಕದ ಕೋಟೆಗೆ ಮುತ್ತಿಗೆ ಹಾಕಿದ್ದಳೆಂದು ಶಾಸನವಿರುವುದರಿಂದ, ನಾಯಕಿ ಚಹಾ ಒಪ್ಪಿಸುವ ಬದಲು ಕತ್ತಿ ಹಿಡಿದು ಪಾಳೆಯದಲ್ಲಿರಬೇಕಾಗಿ ಬಂದಿತು. ಪ್ರಣಯಕ್ಕೆ ಸಮಯ ಹೊಂದಿಸುವುದು ಹೇಗೆಂಬಲ್ಲಿ ಕಥೆ ನಿಂತುಹೋಯಿತು. ಹನ್ನೊಂದನೆಯ ಶತಮಾನದಲ್ಲಿ ಚಹಾ ಎಲ್ಲಿತ್ತೆಂಬ ಆಕ್ಷೇಪವನ್ನು ನಾನು ನುಂಗಿಕೊಂಡೆ.

ಉತ್ತರಭಾಗವನ್ನು ನಮ್ಮಾಕೆ ಅರ್ಧಕ್ಕೇ ಬಿಟ್ಟಳು. ಮೊಮ್ಮಗಳು ಅವಳನ್ನು ಒಲಿಸಿಕೊಳ್ಳಲು ಕಡೆಯ ಅಸ್ತ್ರವನ್ನು ಪ್ರಯೋಗಿಸಿದಳು: ಆ ನಟನಟಿಯರು ೨೦೧೫ರಲ್ಲಿ ನಿಜವಾಗಿಯೇ ದಂಪತಿಗಳಾದರೆಂದೂ, ಮರುವರ್ಷ ಬಾಲಿ ದ್ವೀಪದಲ್ಲಿ ವಿವಾಹಸಮಾರಂಭ ನಡೆಯಿತೆಂದೂ ಹೇಳಿದಳು. ಮನೆಯಾಕೆಯ ಮುಖ ಅರಳಿತು. ಮೊರವನ್ನು ಬದಿಗೆ ಸರಿಸಿ, ಕೈಯನ್ನು ಸೆರಗಿಗೆ ಒರೆಸಿಕೊಂಡಳು.

“ಮದಿವಿ ಫೋಟೋ ಐತೇನು?”

ಇತ್ತು. ಕಣ್ಣಿನ ಹತ್ತಿರ ತಂದುಕೊಂಡಳು, ದೂರ ಹಿಡಿದಳು, ನನ್ನ ಕನ್ನಡಕವನ್ನು ಕಸಿದು ಏರಿಸಿಕೊಂಡು ಮತ್ತೊಮ್ಮೆ ನೋಡಿದಳು. ವರನು ನೀಟಾಗಿ ಕ್ರಾಪು ಬಾಚಿದ್ದನು.

“ಹೆರಳಿಲ್ಲದಾಂವಗ ಈಕಿ ಹ್ಯಾಂಗ ಒಪ್ಪಿದ್ಲವಾ?” ಎಂದಳು.