ಕಳಚಿದಷ್ಟೂ ದುಬಾರಿ

ನ್ಯೂಜಿಲೆಂಡಿನ ಮನುಕಾವ್‌ನಲ್ಲಿ ಮೌಂಟನ್ ಬೈಕ್ ಕೊಳ್ಳಹೊರಟವರಿಗೆ ಎದುರಾಗುವ ಮೊದಲ ತೊಡಕು ಮೌಂಟನ್ನಿನದು. ಪಕ್ಕದ ವೀರಿಯಲ್ಲಿ ಮಾಟುಕುಟೂರುರು ಎಂಬ ಜ್ವಾಲಾಮುಖಿ ಗುಡ್ಡ ಇತ್ತು. ರೈಲು ಹಳಿಗಳ ಕೆಳಗೆ ಹಾಸುವ ಜಲ್ಲಿಗೆಂದು ಅದನ್ನು ತೋಡಿ ತೋಡಿ ಹೆಚ್ಚುಕಡಿಮೆ ಮುಗಿಸಿಬಿಟ್ಟರು. ಅತ್ತ ಮಾಂಗೆರೆಯಲ್ಲಿ ಉಳಿದುಕೊಂಡಿರುವ ‘ಪರ್ವತ’ದ ಎತ್ತರ 106 ಮೀಟರ್. ಊರಿನ ಕತೆಯೂ ಅಷ್ಟೆ. ಮನುಕಾವ್ ಎಂಬ ನಗರಪಾಲಿಕೆ 2010ರಲ್ಲಿ ಆಕ್ಲೆಂಡಿನೊಳಗೆ ಲೀನವಾಯಿತು. ಹೆಸರು ಮಾತ್ರ ಮಾಲಿನ ಮೇಲೂ ರೈಲು ನಿಲ್ದಾಣದ ಮೇಲೂ ಉಳಿದಿದೆ. ನಾನೋ 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿ ಇರುವ ಜಿಲ್ಲೆಯವನು. ಬೆಟ್ಟ ಕಣ್ಣೆದುರೇ ಇದ್ದ ಕಾಲದಲ್ಲಿ ಬೆಟ್ಟದ ಸೈಕಲ್ ಇರಲಿಲ್ಲ. ಈಗ ಸೈಕಲ್ಲು ಬೇಕಾದಷ್ಟಿವೆ, ಬೆಟ್ಟ ಜಲ್ಲಿಯಾಗಿ ಹೋಗಿದೆ.

ಆಸೆ ಹುಟ್ಟಿದ್ದಕ್ಕೆ ಕಾರಣ ಡಾಕ್ಟರು. ಸಕ್ಕರೆ ಗಡಿ ಮುಟ್ಟಿದೆ, ಸ್ವಲ್ಪ ಮೈ ಬಗ್ಗಿಸಿ ಎಂದರು. ಬಗ್ಗಿಸುವುದಾದರೆ ಹ್ಯಾಂಡಲ್ಲಿನ ಮೇಲೇ ಬಗ್ಗಿಸುತ್ತೇನೆ ಎಂದು ನಾನು ತೀರ್ಮಾನಿಸಿದೆ. “ವಾಕಿಂಗಿಗೆ ದುಡ್ಡು ಬೇಡ ಕಣ್ರೀ” ಎಂದು ಶ್ರೀಮತಿ ನೆನಪಿಸಿದಳು. ಚರ್ಚೆ ಅಡುಗೆಮನೆಯಿಂದ ಹಜಾರಕ್ಕೆ, ಹಜಾರದಿಂದ ಗರಾಜಿಗೆ ಹೋಗಿ, ಕೊನೆಗೆ 1,000 ಡಾಲರಿನ ಮಂಜೂರಾತಿಯೊಂದಿಗೆ ಮುಗಿಯಿತು. ಹೆಲ್ಮೆಟ್ಟು, ಬೀಗ, ಎಲ್ಲವೂ ಅದರೊಳಗೇ. ಪೂರಕ ಅಂದಾಜು ಇಲ್ಲ. ಡಾಲರನ್ನು ರೂಪಾಯಿಗೆ ತಿರುಗಿಸಿ ನೋಡುವ ಚಟ ಇನ್ನೂ ಬಿಡದ ನನಗೆ ಅದು ಕಡಿಮೆ ಮೊತ್ತವೇನಲ್ಲ. ಆ ದುಡ್ಡಿಗೆ ನಮ್ಮೂರ ಸೈಕಲ್ ಶಾಪಿನ ಬಾಡಿಗೆ ಸೈಕಲ್ಲುಗಳೆಲ್ಲ ಬರುತ್ತಿದ್ದವೇನೋ, ಜೊತೆಗೆ ಗೋಡೆಗೆ ನೇತುಹಾಕಿದ ಟೈರುಗಳೂ.

ಸೈಕಲ್ಲಿನ ವಿಷಯದಲ್ಲಿ ನನಗೆ ಪಾಂಡಿತ್ಯವಿದೆ ಎಂಬ ನಂಬಿಕೆ ಬೇರೆ. ಅಟ್ಲಾಸ್ ಸೈಕಲ್ಲಿನ ತ್ರಿಕೋನದೊಳಗೆ ಕಾಲು ತೂರಿಸಿ ಒಳಪೆಡಲ್ ಹೊಡೆದು ಕಲಿತ ವಿದ್ಯೆ ಅದು. ಆ ಕಾಲದ ಸೈಕಲ್ಲು ಎಂದರೆ ಒಂದು ತುಂಬು ಸಂಸಾರ. ಬೆಲ್ಲು, ಡೈನಮೊ, ಮಡ್‌ಗಾರ್ಡು, ಪಂಚೆ ಸಿಕ್ಕಿಕೊಳ್ಳದಂತೆ ಚೈನ್ ಕವರು, ಒಂದು ಮೂಟೆ ರಾಗಿ ಹೊರುವ ಕ್ಯಾರಿಯರು, ನಿಲ್ಲಿಸಲು ಸ್ಟ್ಯಾಂಡು, ಹಿಂದೆ ಕೆಂಪು ಗಾಜು, ಮುಂದೆ ಪುರಸಭೆಯ ಬಿಲ್ಲೆ. ದುಡ್ಡು ಹೆಚ್ಚು ಕೊಟ್ಟವನಿಗೆ ಇವುಗಳ ಜೊತೆಗೆ ಸೀಟಿಗೊಂದು ಕುಚ್ಚಿನ ಕವರೂ ಚಕ್ರದ ನಡುವೆ ಬಣ್ಣದ ಬ್ರಷ್ಷೂ ಸಿಗುತ್ತಿದ್ದವು. ಅಂದರೆ ಬೆಲೆ ಏರಿದಂತೆ ಸಾಮಾನು ಏರಬೇಕು. ಇದು ನಾನು ಬಲ್ಲ ಅರ್ಥಶಾಸ್ತ್ರ.

ಇಲ್ಲಿಯ ಅಂಗಡಿಗೆ ಕಾಲಿಟ್ಟ ದಿನ ಆ ಅರ್ಥಶಾಸ್ತ್ರ ತಲೆಕೆಳಗಾಯಿತು. ದೊಡ್ಡ ದಿನಸಿ ಮಳಿಗೆಯಂಥ ಕಡೆ ಇಟ್ಟಿದ್ದ ಅತಿ ಅಗ್ಗದ ಸೈಕಲ್ಲಿನಲ್ಲಿ ಸ್ಟ್ಯಾಂಡಾದರೂ ಇತ್ತು. ಮುಂದೆ ಮೂರು, ಹಿಂದೆ ಏಳು ಹಲ್ಲುಚಕ್ರ ಸೇರಿ 21 ಗೇರುಗಳೆಂದು ದಪ್ಪಕ್ಷರದಲ್ಲಿ ಬರೆದಿತ್ತು. ಸೈಕಲ್ಲುಗಳಿಗೇ ಮೀಸಲಾದ ಅಂಗಡಿಯಲ್ಲಿ ಅದರ ಮೂರು-ನಾಲ್ಕು ಪಟ್ಟು ಬೆಲೆಯ ಸೈಕಲ್ಲಿನಲ್ಲಿ ಸ್ಟ್ಯಾಂಡು ಮಾಯ. ಇನ್ನೂ ಮೇಲೆ ಹೋದರೆ ಮುಂದಿನ ಮೂರು ಹಲ್ಲುಚಕ್ರಗಳಲ್ಲಿ ಎರಡನ್ನು ಕಿತ್ತು ಒಂದೇ ಉಳಿಸಿದ್ದರು, ಹಿಂದೆ ಹನ್ನೆರಡು. ಗೇರು ಇಳಿಯಿತು, ಬೆಲೆ ಏರಿತು. ಅದರ ಮೇಲಿನ ಮಟ್ಟದಲ್ಲಿ ಟೈರಿನೊಳಗಿನ ಟ್ಯೂಬನ್ನೂ ತೆಗೆದು, ಬದಲಿಗೆ ಹಾಲಿನಂಥ ಅಂಟುದ್ರವ ಸುರಿಯುತ್ತಾರೆ. ಮುಳ್ಳು ಚುಚ್ಚಿದ ತೂತನ್ನು ಅದೇ ಮುಚ್ಚಿಕೊಳ್ಳುತ್ತದಂತೆ. ಬಾಣಲೆಯ ನೀರಿನಲ್ಲಿ ಟ್ಯೂಬು ಮುಳುಗಿಸಿ ಗುಳ್ಳೆ ಹುಡುಕುವ ನಮ್ಮ ಪಂಚರ್ ಅಂಗಡಿಯ ಸಾಹೇಬರ ಹೊಟ್ಟೆಯ ಮೇಲೆ ಹೊಡೆಯುವ ವಿಜ್ಞಾನ. ಕಬ್ಬಿಣ ಹೋಗಿ ಅಲ್ಯೂಮಿನಿಯಂ, ಅದೂ ಹೋಗಿ ಕಾರ್ಬನ್. ಚಿನ್ನವಾದರೆ ತೂಕ ಹೆಚ್ಚಿದಷ್ಟೂ ದುಡ್ಡು. ಇಲ್ಲಿ ತೂಕ ಇಳಿದಷ್ಟೂ ದುಡ್ಡು.

ಕಟ್ಟಕಡೆಗೆ, ಹತ್ತು ಸಾವಿರ ಡಾಲರು ದಾಟಿದ ಒಂದು ಮೂರ್ತಿಯ ಮುಂದೆ ನಿಂತಾಗ ಏನೋ ಕೊರತೆ ಕಂಡಿತು. ಬಗ್ಗಿ ನೋಡಿದೆ. ಪೆಡಲ್ ಇರಲಿಲ್ಲ.

“ಇದಕ್ಕೆ ಪೆಡಲ್?” ಎಂದೆ.

“ಈ ದರ್ಜೆಯವರು ತಮ್ಮ ಇಷ್ಟದ್ದನ್ನು ತಾವೇ ಬೇರೆ ಕೊಳ್ಳುತ್ತಾರೆ” ಎಂದ ಅಂಗಡಿಯ ಹುಡುಗ.

ನೇತಿ, ನೇತಿ ಎಂದು ಒಂದೊಂದನ್ನೇ ಕಳಚುತ್ತ ಹೋಗುವ ವೇದಾಂತ ಶೃಂಗೇರಿಯ ಸೊತ್ತು ಎಂದುಕೊಂಡಿದ್ದೆ. ಅದು ಕಡಲು ದಾಟಿ, ಬೆಲೆಚೀಟಿ ಅಂಟಿಸಿಕೊಂಡು ಇಲ್ಲಿ ನಿಂತಿತ್ತು.

ತಮಾಷೆಯೆಂದರೆ ಈ ಸೈಕಲ್ಲಿನ ಮೂಲಪುರುಷರು ಬಡಪಾಯಿಗಳು. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯ ಒಂದಷ್ಟು ಹುಡುಗರು ಯಾರ್‍ಯಾರೋ ಮೂಲೆಗೆಸೆದಿದ್ದ, 1930-40ರ ಕಾಲದ ದಪ್ಪ ಟೈರಿನ ಸೈಕಲ್ಲುಗಳನ್ನು ಪುಡಿಗಾಸಿಗೆ ತಂದು, ಮಡ್‌ಗಾರ್ಡು ಕಿತ್ತೆಸೆದು, ಗುಡ್ಡದ ಮಣ್ಣುದಾರಿಯಲ್ಲಿ ಬಿಡುತ್ತಿದ್ದರು. ಇಳಿಜಾರು ಮುಗಿಯುವುದರೊಳಗೆ ಹಿಂಚಕ್ರದ ಬ್ರೇಕು ಕಾದು ಗ್ರೀಸು ಹೊಗೆಯಾಗಿ ಹೋಗುತ್ತಿತ್ತು. ಮತ್ತೆ ಗ್ರೀಸು ತುಂಬಿ ಮತ್ತೆ ಹತ್ತುತ್ತಿದ್ದರು. ಅವರಲ್ಲೊಬ್ಬರಾದ ಜೋ ಬ್ರೀಜ್ 1977ರಲ್ಲಿ ಇದಕ್ಕೆಂದೇ ಮೊದಲ ಫ್ರೇಮು ಬೆಸೆದರು. 1981ರಲ್ಲಿ ಸ್ಪೆಷಲೈಜ್ಡ್ ಕಂಪನಿಯ ಸ್ಟಂಪ್‌ಜಂಪರ್ ಬಂದು ಕಾರ್ಖಾನೆಯ ಸರಕಾಯಿತು. ಅಂದರೆ ಕಳಚುವ ಕೆಲಸ ಶುರುವಾದದ್ದು ದುಡ್ಡಿಲ್ಲದ್ದಕ್ಕೆ. ಹಾಗಿದ್ದಮೇಲೆ ನನ್ನ 1,000 ಡಾಲರು ಪರಂಪರೆಗೆ ಹತ್ತಿರವಾದದ್ದು ಎಂದು ಎದೆ ಉಬ್ಬಿಸಿ ಹೊರಬಂದೆ.

ಕನ್ನಡ ಕೂಟದ ಯುಗಾದಿ ಊಟದಲ್ಲಿ ವಿಷಯ ಬಾಯಿಬಿಟ್ಟಿದ್ದೇ ತಡ, ಪಂಕ್ತಿಯ ತುಂಬ ತಜ್ಞರು. ಮುಂದೆ ಮಾತ್ರ ಶಾಕ್ ಅಬ್ಸಾರ್ಬರ್ ಇರುವ ಹಾರ್ಡ್‌ಟೇಲ್ ಸಾಕೋ, ಹಿಂದೆಯೂ ಇರುವ ಫುಲ್ ಸಸ್ಪೆನ್ಷನ್ ಬೇಕೋ ಎಂಬುದರ ಮೇಲೆ ಹೋಳಿಗೆ ಬರುವ ಹೊತ್ತಿಗೆ ಎರಡು ಪಕ್ಷಗಳಾದವು. ಚಕ್ರ 27.5 ಇಂಚೋ 29 ಇಂಚೋ ಎಂಬ ಉಪಪಂಗಡಗಳೂ ಹುಟ್ಟಿದವು. ಗದ್ದಲದ ನಡುವೆ ಹಾಸನದ ಹಿರಿಯರೊಬ್ಬರು ಮಾತ್ರ ಕೇಳುವಂಥ ಮಾತು ಹೇಳಿದರು. “ಕಮ್ಮಿ ದುಡ್ಡಲ್ಲಿ ಎರಡೂ ಕಡೆ ಸ್ಪ್ರಿಂಗು ಹುಡುಕಬೇಡಿ ಮಾರಾಯ್ರೆ. ಆ ಬೆಲೆಗೆ ಬರೋ ಸ್ಪ್ರಿಂಗು ತೂಕ ಕೊಡುತ್ತೆ, ಸುಖ ಕೊಡಲ್ಲ. ಹಾರ್ಡ್‌ಟೇಲ್ ತಗೊಳ್ಳಿ. ಫ್ರೇಮು ನಿಮ್ಮ ಎತ್ತರಕ್ಕೆ ಸರಿಯಾಗಿರಲಿ, ಬ್ರೇಕು ಹೈಡ್ರಾಲಿಕ್ ಡಿಸ್ಕ್ ಇರಲಿ. ಮಿಕ್ಕಿದ್ದೆಲ್ಲ ಆಮೇಲೆ ಬದಲಾಯಿಸಬಹುದು, ಇವೆರಡರ ಜೊತೆ ಚೌಕಾಸಿ ಬೇಡ. ಮತ್ತೆ, ಹಳೇದೇ ನೋಡಿ.”

ಈ ದೇಶದಲ್ಲಿ ಹಳೆಯದನ್ನು ನೋಡುವುದೆಂದರೆ ಟ್ರೇಡ್ ಮಿ. ಬಾಡಿಗೆ ಮನೆಗೊಂದು ಹಳೇ ಹೀಟರ್ ಹುಡುಕಿ ಸೋತ ಸ್ಯಾಮ್ ಮಾರ್ಗನ್ ಎಂಬ ತರುಣ 1999ರಲ್ಲಿ ಶುರುಮಾಡಿ, 2006ರಲ್ಲಿ 700 ಮಿಲಿಯನ್ ಡಾಲರಿಗೆ ಮಾರಿದ ಹರಾಜುಕಟ್ಟೆ ಅದು. ಅಗ್ಗದ ವಸ್ತು ಹುಡುಕುವವರನ್ನು ಹಗುರವಾಗಿ ಕಾಣಬಾರದೆಂದು ಶ್ರೀಮತಿಗೆ ಈ ಕತೆಯನ್ನು ಒತ್ತಿ ಹೇಳಿದೆ. ಅಲ್ಲಿ ಕೂಗು ನಿಲ್ಲುವ ಕೊನೆಯ ಎರಡು ನಿಮಿಷದಲ್ಲಿ ಯಾರಾದರೂ ಬೆಲೆ ಏರಿಸಿದರೆ ಹರಾಜು ಇನ್ನೆರಡು ನಿಮಿಷ ಮುಂದಕ್ಕೆ ಹೋಗುತ್ತದೆ. ಮುದ್ದೆ ಆರುತ್ತಿದ್ದರೂ ಫೋನು ಹಿಡಿದು ಕೂತು, ಕಾಣದ ಎದುರಾಳಿಯೊಬ್ಬನ ಜೊತೆ ಐದೈದು ಡಾಲರಿನ ಕುಸ್ತಿ ಆಡುವ ಸುಖ ಜೂಜಿನಲ್ಲೂ ಇರಲಾರದು.

ಕೊನೆಗೆ ಮ್ಯಾನುರೇವಾದಲ್ಲಿ ಒಂದು ಹಾರ್ಡ್‌ಟೇಲ್ ಕಣ್ಣಿಗೆ ಬಿತ್ತು. ನ್ಯೂಜಿಲೆಂಡಿನದೇ ಆದ ಆವಂಟಿ. ‘ಹೆಚ್ಚು ಓಡಿಸಿಲ್ಲ’ ಎಂದು ಬರೆದಿತ್ತು. ಗರಾಜಿನಲ್ಲಿ ಧೂಳು ತಿನ್ನುವ ಸೈಕಲ್ಲುಗಳ ಜಾತಕವೆಲ್ಲ ಹಾಗೇ ಶುರುವಾಗುತ್ತದೆ. ಅಂಗಡಿಯಲ್ಲಿ ಕೊಂಡರೆ 1993ರ ಗ್ರಾಹಕ ಖಾತರಿ ಕಾಯಿದೆ ಬೆನ್ನಿಗಿರುತ್ತದೆ. ಒಬ್ಬರ ಮನೆಯಿಂದ ಕೊಂಡರೆ ಆ ಕಾಯಿದೆ ಬರುವುದಿಲ್ಲ, ಕಣ್ಣೇ ಕಾಯಿದೆ. ಹಾಗಾಗಿ ಹೋಗಿ, ಫ್ರೇಮಿನ ಬೆಸುಗೆಗಳಲ್ಲಿ ಬಿರುಕಿದೆಯೇ ನೋಡಿದೆ. ಚೈನು ಸವೆದು ಉದ್ದವಾಗಿದೆಯೇ, ಮುಂದಿನ ಫೋರ್ಕು ಒತ್ತಿದರೆ ಎಣ್ಣೆ ಉಗುಳುತ್ತದೆಯೇ, ಚಕ್ರ ತಿರುಗಿಸಿದರೆ ಓಲಾಡುತ್ತದೆಯೇ ನೋಡಿದೆ. ಕದ್ದ ಮಾಲಲ್ಲ ತಾನೇ ಎಂದು ತಳದ ನಂಬರನ್ನೂ ಬರೆದುಕೊಂಡೆ. ಪೆಡಲ್ ಇದೆಯೇ ಎಂಬುದನ್ನಂತೂ ಎಲ್ಲಕ್ಕಿಂತ ಮೊದಲೇ ನೋಡಿಕೊಂಡಿದ್ದೆ.

ಮಾರುವವರು ಕೆನ್ನೆ ಕೆಂಪಗಿನ ದೊಡ್ಡ ಆಳು. ಬೆಲೆ 700 ಎಂದರು. ಇಲ್ಲಿಯವರು ಸಾಮಾನ್ಯವಾಗಿ ಹೇಳಿದ ಬೆಲೆ ಕೊಟ್ಟು ಥ್ಯಾಂಕ್ಸ್ ಹೇಳಿ ಬರುವ ಜನ. ನಾನೂ ಪರ್ಸು ತೆರೆಯುತ್ತಿದ್ದೆ. ಆದರೆ ಜೊತೆಗೆ ಬಂದಿದ್ದವಳು ಗಾಂಧಿ ಬಜಾರಿನಲ್ಲಿ ಹೂವಿನವಳಿಂದ ಒಂದು ಗೇಣು ಹೆಚ್ಚು ಅಳೆಸಿಕೊಂಡು ಬೆಳೆದವಳು. ಸೀಟು ಹರಿದಿದೆ, ಹಿಡಿಯ ರಬ್ಬರು ಸವೆದಿದೆ, ಹಳದಿ ಬಣ್ಣ ಇವರಿಗೆ ಒಪ್ಪುವುದಿಲ್ಲ ಎಂದು ಪಟ್ಟಿ ಮಾಡಿ 600ಕ್ಕೆ ಇಳಿಸಿದಳು. ಅಷ್ಟಕ್ಕೇ ಬಿಡದೆ ಮೇಲೆ ಕೊಸರು ಬೇರೆ ಕೇಳಿದಳು! ಅವರು ಬೆಪ್ಪಾಗಿ ಒಂದು ಕ್ಷಣ ನಿಂತು, ಗರಾಜಿನಿಂದ ಒಂದು ಕೈಪಂಪು ತಂದುಕೊಟ್ಟರು. ಆಮೇಲೆ ಹಿತ್ತಲಿಗೆ ಹೋಗಿ ಒಂದು ಚೀಲ ಫೀಜೋವಾ ಹಣ್ಣು ತುಂಬಿಕೊಟ್ಟರು. ಶರತ್ಕಾಲದಲ್ಲಿ ಈ ದೇಶದ ಹಿತ್ತಲುಗಳಲ್ಲಿ ಉದುರಿ ರಾಶಿ ಬೀಳುವ ಹಣ್ಣು. ಹೊರೆ ಕಳೆದರೆ ಸಾಕೆಂದು ಕಂಡವರಿಗೆಲ್ಲ ಹಂಚುತ್ತಾರೆ. “ಸ್ವೀಟ್ ಆ್ಯಸ್, ಮೇಟ್” ಎಂದು ಕೈ ಕುಲುಕಿದರು. ಸೈಕಲ್ಲು ನನ್ನದಾಯಿತು, ಫೀಜೋವಾ ಆ ವಾರವಿಡೀ ನಮ್ಮ ಮನೆಯಲ್ಲಿ ಗೊಜ್ಜಾಯಿತು.

ಹೆಲ್ಮೆಟ್ಟು ಮಾತ್ರ ಹೊಸದೇ ಬೇಕು. ಒಮ್ಮೆ ಪೆಟ್ಟು ತಿಂದದ್ದು ಹೊರಗೆ ನೆಟ್ಟಗೇ ಕಂಡರೂ ಇನ್ನೊಂದು ಪೆಟ್ಟಿಗೆ ಉಪಯೋಗಕ್ಕೆ ಬಾರದು. 1994ರ ಜನವರಿ 1ರಿಂದ ಇಲ್ಲಿ ಸೈಕಲ್ ಸವಾರರಿಗೆ ಹೆಲ್ಮೆಟ್ ಕಡ್ಡಾಯ, ತಪ್ಪಿದರೆ 55 ಡಾಲರ್ ದಂಡ. ಕತ್ತಲಾದ ಮೇಲೆ ದೀಪವೂ ಕಡ್ಡಾಯ. ಡೈನಮೊ ಕೆಟ್ಟ ಸಂಜೆಗಳಲ್ಲಿ ಪೊಲೀಸರನ್ನು ಕಂಡು ಇಳಿದು ತಳ್ಳಿಕೊಂಡು ನಡೆದ ಹಳೆಯ ಅನುಭವ ಇಲ್ಲಿಯೂ ಕೈಕೊಡುವುದಿಲ್ಲ.

ಸವಾರಿಗೆ ಟೋಟರಾ ಪಾರ್ಕ್ ಇದೆ. 1982ರಲ್ಲಿ ತೆರೆದ ಆಕ್ಲೆಂಡ್ ಸಸ್ಯೋದ್ಯಾನಕ್ಕೆ ಅಂಟಿಕೊಂಡ ಕಾಡೂ ಹುಲ್ಲುಗಾವಲೂ ಕೂಡಿದ ಜಾಗ. ಮೌಂಟನ್ ಇಲ್ಲದಿದ್ದರೇನು, ಏರು ಸಾಕಷ್ಟಿದೆ. ಈ ದೇಶದಲ್ಲಿ ಮೌಂಟನ್ ಬೈಕ್ ದಾರಿಗಳಿಗೆ 1ರಿಂದ 6ರವರೆಗೆ ದರ್ಜೆ ಕೊಟ್ಟಿರುತ್ತಾರೆ. ನಮ್ಮ ಶಾಲೆಯಲ್ಲಿದ್ದಂತೆ ನಾನು ಕೆಳಗಿನ ತರಗತಿಗಳಲ್ಲೇ ನೆಮ್ಮದಿಯಾಗಿದ್ದೇನೆ. ಮಳೆ ಬಿದ್ದರೆ ಅಲ್ಲಿಯ ಜೇಡಿಮಣ್ಣು ಸೋಪಾಗುತ್ತದೆ. ಆಗ ಬೆನ್ನಿನ ಮೇಲೆ ಕೆಸರಿನ ಉದ್ದನೆಯ ನಾಮ ಮೂಡಿಸಿಕೊಂಡು ಮನೆಗೆ ಬರುತ್ತೇನೆ. ಮಡ್‌ಗಾರ್ಡ್ ಎಂಬುದನ್ನು ನಮ್ಮ ಹಿರಿಯರು ಸುಮ್ಮನೆ ಇಟ್ಟಿರಲಿಲ್ಲ. ಹಾಗೆಂದು ಒಂದು ಮಡ್‌ಗಾರ್ಡ್ ತಂದೆ. ನಡೆಯುವವರು ಬೆಚ್ಚಬಾರದೆಂದು ಬೆಲ್ಲು ತಂದೆ. ಬರುವಾಗ ಪಾಪಾಟೊಯೆಟೊಯೆಯಲ್ಲಿ ಕೊತ್ತಂಬರಿ, ಕರಿಬೇವು ತರಬೇಕೆಂಬ ಆಜ್ಞೆ ಹೊರಟ ಮೇಲೆ ಕ್ಯಾರಿಯರನ್ನೂ, ಸೈಕಲ್ಲು ನಿಲ್ಲಿಸಲೆಂದು ಸ್ಟ್ಯಾಂಡನ್ನೂ ತಂದೆ. ಕಾರ್ಖಾನೆಯವರು ಜಾಣತನದಿಂದ ಕಳಚಿದ್ದನ್ನೆಲ್ಲ ನಾನು ಒಂದೊಂದಾಗಿ ದುಡ್ಡು ಕೊಟ್ಟು ವಾಪಸ್ ತೊಡಿಸಿದೆ.

ವರ್ಷದ ಕೊನೆಗೆ ಲೆಕ್ಕ ಒಪ್ಪಿಸಬೇಕಾಯಿತು. ಚೀಟಿಗಳನ್ನು ಕೂಡಿದರೆ ಮಂಜೂರಾದ ಮೊತ್ತದ ಅಂಚಿನಲ್ಲಿ ಹೇಗೋ ನಿಂತಿತು. ಆ ಉತ್ಸಾಹದಲ್ಲಿ ಮುಂದಿನ ಸಾಲಿಗೆ ಫುಲ್ ಸಸ್ಪೆನ್ಷನ್ನಿನ ಬೇಡಿಕೆ ಮಂಡಿಸಿದೆ. ದುಡ್ಡು ಹೆಚ್ಚಾಯಿತೆನ್ನಬಾರದು, ಈ ಶಾಸ್ತ್ರದಲ್ಲಿ ಸಾಮಾನು ಕಡಿಮೆಯಾದಷ್ಟೂ ಬೆಲೆ ಹೆಚ್ಚು, ಬೆಲೆ ಹೆಚ್ಚಿದಷ್ಟೂ ಶ್ರೇಷ್ಠ ಎಂದು ಪೆಡಲಿಲ್ಲದ ಮೂರ್ತಿಯವರೆಗೂ ವಿವರಿಸಿದೆ. ಅವಳು ಸೊಪ್ಪು ಬಿಡಿಸುತ್ತ ಪೂರ್ತಿ ಕೇಳಿದಳು.

“ಹಾಗಾದ್ರೆ ಏನೇನೂ ಇಲ್ಲದ ಸೈಕಲ್ಲೇ ಎಲ್ಲಕ್ಕಿಂತ ದುಬಾರಿ ಅಲ್ವೇನ್ರೀ?” ಎಂದಳು. “ಅದು ಹೋದ ವರ್ಷದವರೆಗೂ ನಮ್ಮ ಗರಾಜಿನಲ್ಲೇ ಇತ್ತಲ್ಲ. ಅಷ್ಟು ಬೆಲೆಬಾಳೋದನ್ನ ಬಿಟ್ಟು ಇದನ್ನ ಯಾಕೆ ತಂದ್ರಿ?”