ನಿಮ್ಮ ಬಯೋಡೇಟಾ ಕಳಿಸಿ, ಸ್ವಾಮಿ

ವಿಮಾನ ಕಂಪನಿಗಳ ನೇಮಕಾತಿ ವಿಭಾಗದ ಮಾನ್ಯರೇ,

ಚೆನ್ನೈನ ಪ್ಯಾರೀಸ್ ಕಾರ್ನರ್‌ನಿಂದ ಜಾಬ್ ಟೈಪಿಂಗ್ ಅಂಗಡಿಯವನ ನಮಸ್ಕಾರಗಳು. 1788ರಲ್ಲಿ ವೇಲ್ಸ್‌ನಿಂದ ಬಂದಿಳಿದ ಥಾಮಸ್ ಪ್ಯಾರಿಯ ಹೆಸರು ಹೊತ್ತ ಮೂಲೆ ಇದು. ಎದುರಿಗೇ ಹೈಕೋರ್ಟು. ಬೆಳಿಗ್ಗೆ ಅಲ್ಲಿಗೆ ಬೇಕಾದ ಅಫಿಡವಿಟ್ ಟೈಪ್ ಮಾಡುತ್ತೇನೆ, ಸಂಜೆ ನಿಮಗೆ ಬೇಕಾದ ಬಯೋಡೇಟಾ. ಅಫಿಡವಿಟ್ಟಿನಲ್ಲಿ ಸುಳ್ಳು ಬರೆದರೆ ಜೈಲು. ಬಯೋಡೇಟಾದಲ್ಲಿ ನಿಜ ಬರೆದರೆ ಇಂಟರ್‌ವ್ಯೂ ಇಲ್ಲ. ಎರಡೂ ಒಂದೇ ಕಂಪ್ಯೂಟರಿನಲ್ಲಿರುವುದರಿಂದ ಫೈಲು ಅದಲುಬದಲಾಗದಂತೆ ಬಲು ಎಚ್ಚರದಿಂದಿದ್ದೇನೆ.

ಕ್ಯಾಬಿನ್ ಕ್ರೂ ಕೆಲಸಕ್ಕೆ ಬರುವ ಅರ್ಜಿಗಳೆಲ್ಲ ಒಂದೇ ಥರ ಇರುತ್ತವೆ ಎಂದು ಗೊಣಗುತ್ತೀರಂತೆ. ಇರದೆ ಏನು? ನಿಮ್ಮ ಜಾಹೀರಾತುಗಳೂ ಒಂದೇ ಥರ. 'ಪ್ಲೀಸಿಂಗ್ ಪರ್ಸನಾಲಿಟಿ' ಉಂಟೇ ಎಂದು ನೀವು ಕೇಳುತ್ತೀರಿ, ಉಂಟು ಎಂದು ನಾನು ಟೈಪ್ ಮಾಡುತ್ತೇನೆ. ಅರ್ಜಿ ಓದುವ ಸಾಫ್ಟ್‌ವೇರ್ ನಿಮ್ಮದೇ ಶಬ್ದಗಳನ್ನು ಹುಡುಕುತ್ತದೆ. ಹಾಗಾಗಿ ಜಾಹೀರಾತನ್ನೇ ಕತ್ತರಿಸಿ ಹುಡುಗಿಯ ಹೆಸರಿನ ಕೆಳಗೆ ಅಂಟಿಸಿಬಿಡುತ್ತೇನೆ. ನೀವು ಕೊಟ್ಟ ಮಾತು ನಿಮಗೇ ವಾಪಸು. ನನ್ನದು ಬರೀ ಕೂಲಿ.

ಜತೆಗೆ ಫೋಟೊ: ಒಂದು ಪಾಸ್‌ಪೋರ್ಟ್ ಸೈಜು, ಒಂದು ಅಡಿಯಿಂದ ಮುಡಿಯವರೆಗೆ, ಹಲ್ಲು ಕಾಣುವಂತೆ. ಇದೇ ಜಾರ್ಜ್ ಟೌನಿನ ಆಚಾರಪ್ಪನ್ ಬೀದಿಯ ಹೋಟೆಲಿನಿಂದ ಮೇಲೆ ಬಂದು ವುಡ್‌ಲ್ಯಾಂಡ್ಸ್ ಹೋಟೆಲು ಕಟ್ಟಿದ ಉಡುಪಿ ಕಡೆಯ ಕೆ. ಕೃಷ್ಣರಾಯರ ಹಲ್ಲನ್ನು ಯಾರೂ ಎಣಿಸಿರಲಿಕ್ಕಿಲ್ಲ.

ಮೊನ್ನೆ ಬಂದವಳು ಹೊಸೂರು ಕಡೆಯ ಹುಡುಗಿ. ಆ್ಯಂಡರ್ಸನ್ ಬೀದಿಯಲ್ಲಿ ಮದುವೆ ಕಾರ್ಡಿನ ಅಂಗಡಿಯಲ್ಲಿ ಕೆಲಸ. ಮನೆಯಲ್ಲಿ ಕನ್ನಡ, ಅಕ್ಕಪಕ್ಕದವರೊಂದಿಗೆ ತೆಲುಗು, ಅಂಗಡಿಯಲ್ಲಿ ತಮಿಳು. ದಕ್ಷಿಣ ಭಾರತ ಹಿಂದಿ ಪ್ರಚಾರ ಸಭೆಯ 'ರಾಷ್ಟ್ರಭಾಷಾ' ಪರೀಕ್ಷೆ ಪಾಸು. ಸೌಕಾರ್‌ಪೇಟೆಯ ಸೇಟುಗಳ ಜತೆ ಅದೇ ಹಿಂದಿಯಲ್ಲಿ ಚೌಕಾಶಿ. "ಭಾಷೆಗಳಲ್ಲಿ ಕನ್ನಡ ಮೊದಲು ಹಾಕಲೇನಮ್ಮಾ?" ಎಂದೆ. "ಬೇಡಣ್ಣಾ, ಫ್ರೆಂಚ್ ಬಿಗಿನರ್ ಅಂತ ಹಾಕಿ. ಎಲ್ರೂ ಹಾಕ್ತಾರೆ." ಹಾಕಿದೆ.

ಅವಳ ಅಂಗಡಿಗೆ ಒಮ್ಮೆ ಹೆಣ್ಣಿನ ತಂದೆಯೊಬ್ಬರು ಮುಹೂರ್ತದ ತಾರೀಕು ತಪ್ಪಾಗಿ ಅಚ್ಚಾದ ಕಾರ್ಡಿನ ಕಟ್ಟು ಹಿಡಿದು ಕೂಗಾಡುತ್ತ ಬಂದಿದ್ದರಂತೆ. ಮಾಲೀಕ ಹಿಂಬಾಗಿಲಿನಿಂದ ಕಾಫಿಗೆ ಹೋದ. ಇವಳು ಅವರನ್ನು ಕೂರಿಸಿ, ನೀರು ಕೊಟ್ಟು, ಬೈಗಳನ್ನೆಲ್ಲ ಪೂರ್ತಿ ಕೇಳಿಸಿಕೊಂಡು, ಪ್ರೆಸ್ಸಿಗೆ ಫೋನ್ ಹಚ್ಚಿ, ಸಂಜೆಯೊಳಗೆ ಹೊಸ ಕಾರ್ಡು ಕೈಗಿಟ್ಟು ಕಳಿಸಿದಳು. ವಿಮಾನದೊಳಗೆ ನಿಮಗೆ ಬೇಕಾದವಳು ಇವಳೇ ತಾನೆ? ಆದರೆ ಈ ಕತೆಗೆ ನಿಮ್ಮ ಫಾರಂನಲ್ಲಿ ಜಾಗವಿಲ್ಲ. 'ಎಕ್ಸಲೆಂಟ್ ಇಂಟರ್‌ಪರ್ಸನಲ್ ಸ್ಕಿಲ್ಸ್' ಎಂದು ಬರೆದೆ. ಹೆಣ್ಣಿನ ತಂದೆ ಮಾಯವಾದರು, ಅವರ ಹಿಂದೆಯೇ ಹುಡುಗಿಯೂ.

ನಿಮ್ಮ ಷರತ್ತುಗಳಲ್ಲಿ ಒಂದಕ್ಕೆ ಮಾತ್ರ ನಾನು ತಲೆಬಾಗುತ್ತೇನೆ. ಎಮಿರೇಟ್ಸ್‌ನವರು 160 ಸೆಂಟಿಮೀಟರ್ ಎತ್ತರ ಕೇಳುವುದಲ್ಲದೆ, ತುದಿಗಾಲಲ್ಲಿ ನಿಂತು ಕೈ ಚಾಚಿದರೆ 212 ಸೆಂಟಿಮೀಟರ್ ಮುಟ್ಟಬೇಕು ಎನ್ನುತ್ತಾರೆ. ಮೇಲಿಟ್ಟ ತುರ್ತು ಸಲಕರಣೆ ಕೈಗೆ ಸಿಗಬೇಕಲ್ಲ, ನ್ಯಾಯವೇ. ಆದರೆ ಕಲೆಯಿಲ್ಲದ ಚರ್ಮ ಯಾವ ಸಲಕರಣೆ ಇಳಿಸಲಿಕ್ಕೆ? 1930ರಲ್ಲಿ ಅಮೆರಿಕದ ಬೋಯಿಂಗ್ ಏರ್ ಟ್ರಾನ್ಸ್‌ಪೋರ್ಟ್ ಎಲೆನ್ ಚರ್ಚ್ ಸೇರಿ ಎಂಟು ಹೆಂಗಸರನ್ನು ಕೆಲಸಕ್ಕೆ ತೆಗೆದುಕೊಂಡಾಗ ಅವರೆಲ್ಲ ನರ್ಸುಗಳು. ಮದುವೆಯಾಗಿರಬಾರದು, ತೂಕ 115 ಪೌಂಡ್ ದಾಟಬಾರದು ಎಂಬುದೂ ಇತ್ತು. ನಿಮ್ಮ ವಂಶ ನರ್ಸಿಂಗನ್ನು ಕೈಬಿಟ್ಟು ಮಿಕ್ಕದ್ದನ್ನು ಬಹುಕಾಲ ಜೋಪಾನ ಮಾಡಿತು. ಏರ್ ಇಂಡಿಯಾದಲ್ಲಿ ಗಗನಸಖಿ ಬಸುರಿಯಾದರೆ ಕೆಲಸ ಹೋಗುತ್ತಿತ್ತು; ನರ್ಗೇಶ್ ಮಿರ್ಜಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅದನ್ನು ತೆಗೆದುಹಾಕಿದ್ದು 1981ರಲ್ಲಿ. ಸೇರಿದ ನಾಲ್ಕು ವರ್ಷ ಮದುವೆ ಕೂಡದು ಎಂಬುದನ್ನು ಮಾತ್ರ ಹಾಗೇ ಬಿಟ್ಟಿತು. ಕುಟುಂಬ ಯೋಜನೆಗೂ ಅದು ಒಳ್ಳೆಯದಂತೆ!

ಈ ಕೆಲಸ ನಿಜಕ್ಕೂ ಏನು ಕೇಳುತ್ತದೆ ನೋಡಿ: 2024ರ ಜನವರಿ 2ರಂದು ಟೋಕಿಯೊದ ಹನೇಡಾದಲ್ಲಿ ಜಪಾನ್ ಏರ್‌ಲೈನ್ಸ್ ವಿಮಾನಕ್ಕೆ ಬೆಂಕಿ ಹತ್ತಿತು. ಒಳಗಿನ ಮೈಕು ಕೆಟ್ಟಿತ್ತು. ಸಿಬ್ಬಂದಿ ಮೆಗಾಫೋನ್ ಹಿಡಿದು ಕೂಗಿ, ಯಾವ ಬಾಗಿಲು ತೆರೆಯಬೇಕು, ಯಾವುದನ್ನು ತೆರೆಯಬಾರದು ಎಂದು ನೋಡಿ, 379 ಜನರೂ ಜೀವಸಹಿತ ಹೊರಬೀಳುವಂತೆ ಮಾಡಿದರು. ಇನ್ನು ಮುಂದೆ ಜಾಹೀರಾತಿನಲ್ಲಿ 'ಕೂಗಬಲ್ಲ ಗಂಟಲು ಬೇಕು' ಎಂದು ಹಾಕಿ ನೋಡಿ. ಎನ್‌ಎಸ್‌ಸಿ ಬೋಸ್ ರಸ್ತೆಯ ಫುಟ್‌ಪಾತಿನಿಂದಲೇ ಒಂದು ವಿಮಾನಕ್ಕಾಗುವಷ್ಟು ಹೆಂಗಸರನ್ನು ಕಳಿಸುತ್ತೇನೆ.

ಮತ್ತೊಂದು ವಿಷಯ. ಅಮ್ಮನಿಗೆ ಹುಷಾರಿಲ್ಲವೆಂದು ಒಂದು ವರ್ಷ ಮನೆಯಲ್ಲಿದ್ದ ಹುಡುಗಿಯನ್ನು "ಈ ಗ್ಯಾಪ್ ಯಾಕೆ?" ಎಂದು ಕೇಳುತ್ತೀರಿ. ನಿಮ್ಮ ಕುಲದ ಗ್ಯಾಪುಗಳನ್ನು ಯಾರು ಕೇಳಬೇಕು? ನಮ್ಮ ಬೆಂಗಳೂರಿನ ಕಿಂಗ್‌ಫಿಷರ್ 2005ರಲ್ಲಿ ಹಾರಿ, ನೌಕರರಿಗೆ ತಿಂಗಳುಗಟ್ಟಲೆ ಸಂಬಳ ಬಾಕಿಯಿಟ್ಟು 2012ರಲ್ಲಿ ನೆಲ ಹಿಡಿಯಿತು. 2019ರ ಏಪ್ರಿಲ್‌ನಲ್ಲಿ ಜೆಟ್ ಏರ್‌ವೇಸ್, 2023ರ ಮೇನಲ್ಲಿ ಗೋ ಫಸ್ಟ್. ಆದ್ದರಿಂದ ಹುಡುಗಿಯರು ತಮ್ಮದನ್ನು ಕಳಿಸುವ ಮೊದಲು ನಿಮ್ಮ ಬಯೋಡೇಟಾ ಇಲ್ಲಿಗೆ ಬರಲಿ. ಒಂದೇ ಪುಟ ಸಾಕು: ಕಳೆದ ಮೂರು ವರ್ಷ ಸಂಬಳ ಕೊಟ್ಟ ತಾರೀಕುಗಳು, ಡ್ಯೂಟಿಯ ಗಂಟೆಗಳು, ತಲೆಯ ಮೇಲಿನ ಸಾಲ. ಫೋಟೊ ಬೇಡ. ಟೈಪಿಂಗ್ ಬೇಕಿದ್ದರೆ ಅಂಗಡಿ ಸಂಜೆ ಏಳರವರೆಗೆ ತೆರೆದಿರುತ್ತದೆ, ಭಾನುವಾರ ರಜೆ. ಹಣ ಮುಂಗಡ ಕೊಡಬೇಕು. ವಿಮಾನ ಕಂಪನಿಗಳಿಗೆ ಕಡ ಇಲ್ಲ.

ಇಂತಿ ತಮ್ಮ ವಿಧೇಯ,
ಪ್ಯಾರೀಸ್ ಕಾರ್ನರ್‌ನ ಟೈಪಿಸ್ಟ್